ಕೋಶದ ಒಳಗು, ಕೋಶದ ಅಂಚು

1973ನೆಯ ಇಸವಿಯಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯಲ್ಲಿ ರೂತ್ ಬಿಷಪ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳಾದ ಜೆಫ್ರಿ ಡೇವಿಡ್‌ಸನ್, ಇಯಾನ್ ಹೋಮ್ಸ್, ಬ್ರಯನ್ ರಕ್ ಎಂಬವರೂ ಕೂಡಿ, ವಾಂತಿಭೇದಿಯಿಂದ ಸೊರಗಿ ಬಂದಿದ್ದ ಎಳೆಯ ಮಕ್ಕಳ ಸಣ್ಣಕರುಳಿನ ಮೊದಲ ಭಾಗದಿಂದ ತೆಗೆದ ಕಿರಿಯ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ, ಮನುಷ್ಯರ ವ್ಯಾಧಿಗಳಲ್ಲಿ ಅದುವರೆಗೆ ಗುರುತಿಸದೆ ಉಳಿದಿದ್ದ ದುಂಡನೆಯ ವೈರಾಣುಗಳು, ಕರುಳಿನ ಒಳಮೈಯನ್ನು ಹೊದಿಸಿರುವ ಕೋಶಗಳಲ್ಲಿ ತುಂಬಿಕೊಂಡಿರುವುದು ಕಂಡುಬಂದಿತು. ಇಂದು ರೋಟಾವೈರಸ್ ಎಂದು ಎಲ್ಲರೂ ಕರೆಯುವ ಆ ವೈರಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನಲ್ಲಿ 14,000 ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು. ಇಷ್ಟು ಸಣ್ಣ ವಸ್ತು 2008ನೆಯ ಒಂದೇ ವರ್ಷದಲ್ಲಿ ಲೋಕದ ಐದು ವರ್ಷದೊಳಗಿನ ಸುಮಾರು 4,50,000 ಮಕ್ಕಳ ಪ್ರಾಣವನ್ನು ಹೀರಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಐದರಲ್ಲೊಂದು ಪಾಲಿಗೂ ಮಿಕ್ಕವರು ನಮ್ಮ ಭಾರತದ ಮಕ್ಕಳು.

ಆ ಮಕ್ಕಳು ಸತ್ತದ್ದು ವೈರಾಣು ಯಾವುದೋ ಘೋರ ವಿಷವನ್ನು ರಕ್ತದಲ್ಲಿ ಬೆರೆಸಿದುದರಿಂದಲ್ಲ. ದೇಹದ ನೀರೂ ಉಪ್ಪೂ ಕರುಳಿನಿಂದ ಹೊರಕ್ಕೆ ಹರಿದುಹೋಗಿ, ರಕ್ತವೇ ಬತ್ತಿದುದರಿಂದ. ಆದುದರಿಂದ ಈ ರೋಗದ ಮರ್ಮವನ್ನು ತಿಳಿಯಲು ಹೊರಟವನು ಒಂದು ಜೀವಕೋಶವು ಬದುಕಿರುವ ಬಗೆಯನ್ನೇ ತಿಳಿಯಬೇಕಾಗುವುದು. ಕೋಶದ ಬಾಳು ಎರಡು ಕಾರ್ಯಗಳ ಮೇಲೆ ನಿಂತಿದೆ: ಒಳಗೆ ಪ್ರೋಟೀನುಗಳನ್ನು ಕಟ್ಟುವುದು ಒಂದು, ತನ್ನ ಅಂಚಿನ ಪೊರೆಯ ಮೂಲಕ ಪದಾರ್ಥಗಳನ್ನು ಬೇಕಾದಂತೆ ಒಳಕ್ಕೂ ಹೊರಕ್ಕೂ ಸಾಗಿಸುವುದು ಇನ್ನೊಂದು. ನಮ್ಮ ಪಠ್ಯಪುಸ್ತಕಗಳು ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳಿ ಮುಗಿಸುವುದರಿಂದ ಓದುವವನ ಮನಸ್ಸಿನಲ್ಲಿ ಇವು ಪರಸ್ಪರ ಸಂಬಂಧವಿಲ್ಲದ ವ್ಯಾಪಾರಗಳೆಂಬ ಭಾವನೆ ಬೇರೂರುತ್ತದೆ. ವಾಸ್ತವದಲ್ಲಿ ಪೊರೆಯ ದ್ವಾರಗಳೆಲ್ಲ ಒಳಗೆ ಕಟ್ಟಿದ ಪ್ರೋಟೀನುಗಳೇ; ಆ ಪ್ರೋಟೀನುಗಳನ್ನು ಕಟ್ಟಲು ಬೇಕಾದ ಸಾಮಗ್ರಿ ಒಳಗೆ ಬರುವುದೂ ಅದೇ ದ್ವಾರಗಳಿಂದಲೇ. ಒಂದು ಕೆಟ್ಟರೆ ಇನ್ನೊಂದು ಉಳಿಯದು ಎಂಬುದಕ್ಕೆ ಅತಿಸಾರದಿಂದ ಬಳಲುವ ಮಗುವಿನ ಕರುಳಿಗಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ತಿಳಿದಿಲ್ಲ.

ಸಣ್ಣಕರುಳಿನ ಒಳಮೈಯೆಲ್ಲ ಬೆರಳಿನಾಕಾರದ ಸೂಕ್ಷ್ಮವಾದ ಅಂಕುರಗಳಿಂದ ತುಂಬಿದೆ. ಅಂಕುರಗಳ ಬುಡದ ಕುಳಿಗಳಲ್ಲಿ ಹುಟ್ಟಿದ ಕೋಶಗಳು ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುತ್ತ, ದಾರಿಯಲ್ಲಿ ಪ್ರೌಢತೆಯನ್ನು ಹೊಂದಿ, ಮೂರರಿಂದ ಐದು ದಿನಗಳೊಳಗೆ ತುದಿಯನ್ನು ಮುಟ್ಟಿ ಉದುರಿಹೋಗುತ್ತವೆ. ಆಹಾರದಲ್ಲಿನ ಗ್ಲೂಕೋಸನ್ನು ಹೀರಿಕೊಳ್ಳತಕ್ಕ ಕೋಶಗಳು ಈ ಪ್ರೌಢಕೋಶಗಳೇ. ಆ ಕೆಲಸಕ್ಕೆಂದು ಅವು ತಮ್ಮ ಪೊರೆಯಲ್ಲಿ ನೆಟ್ಟುಕೊಳ್ಳುವ ವಾಹಕ ಪ್ರೋಟೀನಿನಲ್ಲಿ 664 ಅಮೈನೊ ಆಮ್ಲಗಳು ಒಂದೇ ಸರಪಳಿಯಾಗಿ ಬೆಸೆದುಕೊಂಡಿರುತ್ತವೆ. ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಲ್ಲಿ ಯಾವುದರ ಮುಂದೆ ಯಾವುದು ಬರಬೇಕೆಂಬ ಆದೇಶ ಕೋಶಕೇಂದ್ರದ ಡಿಎನ್‌ಎಯಲ್ಲಿ ಇದೆ. ಆದರೆ ಡಿಎನ್‌ಎ ತಾನಿರುವೆಡೆಯನ್ನು ಬಿಟ್ಟು ಕದಲುವುದಿಲ್ಲ. ಅದರ ಒಂದು ಭಾಗದ ಪ್ರತಿ ಆರ್‌ಎನ್‌ಎ ರೂಪದಲ್ಲಿ ಸಿದ್ಧವಾಗಿ ಕೋಶಕೇಂದ್ರದಿಂದ ಹೊರಬರುತ್ತದೆ. ಇದೇ ಸಂದೇಶವಾಹಕ ಆರ್‌ಎನ್‌ಎ. ರೈಬೊಸೋಮ್ ಎಂಬ ಕಣವು ಈ ಪ್ರತಿಯನ್ನು ಮೂರು ಮೂರು ಅಕ್ಷರಗಳಂತೆ ಓದುತ್ತ, ಪ್ರತಿಯೊಂದು ತ್ರಿವಳಿಗೂ ತಕ್ಕ ಅಮೈನೊ ಆಮ್ಲವನ್ನು ಹಿಂದಿನದಕ್ಕೆ ಬೆಸೆಯುತ್ತ ಸಾಗುತ್ತದೆ. ಸೆಕೆಂಡಿಗೆ ಐದಾರರಂತೆ ಬೆಸೆದರೂ ನಮ್ಮ ವಾಹಕವೊಂದು ಪೂರ್ತಿಯಾಗಲು ಸುಮಾರು ಎರಡು ನಿಮಿಷ ಹಿಡಿಯುವುದು.

ಓದುವುದನ್ನು ಎಲ್ಲಿಂದ ಪ್ರಾರಂಭಿಸಬೇಕು? ತಮ್ಮ ಸಂಶೋಧನೆಯ ಮೊದಲ ವರ್ಷಗಳನ್ನು ಈ ಪ್ರಶ್ನೆಗೆ ಕೊಟ್ಟ ದಂಪತಿಗಳು ಮೆಲ್ಬರ್ನಿನಲ್ಲಿದ್ದಾರೆ. ಅಮೆರಿಕದ ಜೆರಿ ಆಡಮ್ಸ್ 1966ರಲ್ಲಿ ಹಾರ್ವರ್ಡ್‌ನಲ್ಲಿ ಮಾರಿಯೊ ಕಪೆಚಿಯೊಡನೆ ಕೂಡಿ, ಬ್ಯಾಕ್ಟೀರಿಯಗಳಲ್ಲಿ ಪ್ರತಿಯೊಂದು ಪ್ರೋಟೀನಿನ ಸರಪಳಿಯೂ ಮೆಥಿಯೋನಿನ್ ಎಂಬ ಅಮೈನೊ ಆಮ್ಲದ ಒಂದು ವಿಶೇಷ ರೂಪದಿಂದ ಆರಂಭವಾಗುವುದೆಂದು ತೋರಿಸಿಕೊಟ್ಟಿದ್ದರು. ಮೆಲ್ಬರ್ನಿನಲ್ಲಿಯೇ ಹುಟ್ಟಿ ಬೆಳೆದ ಸೂಸನ್ ಕೋರಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಅದೇ ಮೆಥಿಯೋನಿನನ್ನು ಹೊತ್ತು ತರುವ ಪುಟ್ಟ ಆರ್‌ಎನ್‌ಎ ಒಂದರ ಅಕ್ಷರಕ್ರಮವನ್ನು ಬಿಡಿಸುವ ಕಾರ್ಯದಲ್ಲಿ ತೊಡಗಿದ್ದರು. ಇವರಿಬ್ಬರೂ ಮದುವೆಯಾಗಿ 1971ರಲ್ಲಿ ಮೆಲ್ಬರ್ನಿನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಗೆ ಬಂದು ನೆಲೆಸಿದರು. 1975ರಲ್ಲಿ, ಇಲಿಯ ಅರ್ಬುದಕೋಶಗಳಿಂದ ತೆಗೆದ ಸಂದೇಶವಾಹಕ ಆರ್‌ಎನ್‌ಎಯ ಮೊದಲ ತುದಿಯನ್ನು ಪರೀಕ್ಷಿಸುತ್ತಿದ್ದಾಗ, ಅಲ್ಲಿ ಇರಬೇಕಾದ ಸಾಮಾನ್ಯ ಅಕ್ಷರಕ್ಕೆ ಬದಲಾಗಿ, ಮೀಥೈಲ್ ಸೇರಿದ ಗ್ವಾನೋಸಿನ್ ಒಂದು ತಲೆಕೆಳಗಾಗಿ ಜೋಡಣೆಗೊಂಡಿರುವುದನ್ನು ಅವರು ಕಂಡರು; ಅಮೆರಿಕದ ಕೆಲವು ಪ್ರಯೋಗಶಾಲೆಗಳಲ್ಲಿಯೂ ಅದೇ ಕಾಲದಲ್ಲಿ ಇದೇ ಸಂಗತಿ ಬೆಳಕಿಗೆ ಬಂದಿತು. ಕ್ಯಾಪ್ ಎಂದು ಕರೆಯಲಾಗುವ ಈ ತುದಿ ಪ್ರಾಣಿ, ಸಸ್ಯಗಳ ಕೋಶಗಳಲ್ಲೆಲ್ಲ ಇದೆ. ಇದು ಆರ್‌ಎನ್‌ಎ ಕೊಳೆಯದಂತೆ ಕಾಯುವುದಲ್ಲದೆ, ರೈಬೊಸೋಮನ್ನು ತನ್ನೆಡೆಗೆ ಕರೆತಂದು ಓದನ್ನು ಪ್ರಾರಂಭಿಸುವುದಕ್ಕೂ ಕಾರಣವಾಗುತ್ತದೆ. ಈ ತುದಿಯಿಲ್ಲದ ಸಂದೇಶವನ್ನು ಕೋಶವು ಸಾಮಾನ್ಯವಾಗಿ ಓದಗೊಡುವುದೇ ಇಲ್ಲ.

ಸರಪಳಿ ಕಟ್ಟಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಪೊರೆಯಲ್ಲಿ ನೆಡಬೇಕಾದ ಪ್ರೋಟೀನು ಕಟ್ಟಣೆಯ ಹಂತದಲ್ಲಿಯೇ ತಾನು ಹೋಗಬೇಕಾದೆಡೆಯ ಗುರುತನ್ನು ತನ್ನ ಸರಪಳಿಯಲ್ಲಿ ಹೊತ್ತಿರುತ್ತದೆ. ಆ ಗುರುತು ರೈಬೊಸೋಮಿನಿಂದ ಹೊರಗೆ ತಲೆಹಾಕಿದೊಡನೆ, ರೈಬೊಸೋಮು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಒಳಪೊರೆಗಳ ಜಾಲಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ಹುಟ್ಟುತ್ತಿರುವ ನಮ್ಮ ವಾಹಕದ ಸರಪಳಿ ಆ ಪೊರೆಯೊಳಗೆ ಹೊಲಿಗೆ ಹಾಕಿದಂತೆ ಹದಿನಾಲ್ಕು ಬಾರಿ ಅತ್ತಿಂದಿತ್ತ ದಾಟಿ ನಿಲ್ಲುತ್ತದೆ. ಈ ಗುರುತಿನ ವಿಷಯವನ್ನು ಪ್ರತಿಪಾದಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರ ನೊಬೆಲ್ ಪಾರಿತೋಷಕ ಸಂದಿತು. ಅಲ್ಲಿಂದ ಗಾಲ್ಗಿ ಸಂಕೀರ್ಣದ ಮೂಲಕ ಸಾಗಿ ವಾಹಕವು ಕೋಶದ ಹೊರ ಅಂಚನ್ನು ಸೇರುವುದು.

ಆ ಅಂಚಿನ ಕಥೆಯನ್ನು ಹೇಳಲು ಮೆಲ್ಬರ್ನನ್ನು ಬಿಟ್ಟು ಸಿಡ್ನಿಗೆ ಹೋಗಬೇಕು. ಕೋಶದ ಪೊರೆ ಎರಡು ಪದರದ ಜಿಡ್ಡಿನ ಅತಿ ತೆಳುವಾದ ಹಾಳೆ; ಉಪ್ಪಿನ ಅಯಾನುಗಳೂ ಸಕ್ಕರೆಯೂ ಅದನ್ನು ತಾವಾಗಿ ದಾಟಲಾರವು. ಹಾಗಿದ್ದರೂ ಸಸ್ಯದ ಕೋಶಗಳು ಹೊರಗೆ ತೀರ ಕಡಮೆಯಿರುವ ಲವಣಗಳನ್ನು ತಮ್ಮೊಳಗೆ ಹಲವು ಪಟ್ಟು ಸಾಂದ್ರವಾಗಿ ಶೇಖರಿಸಿಕೊಳ್ಳುತ್ತವೆ. ಇದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಮೆಲ್ಬರ್ನಿನಲ್ಲಿ ಹುಟ್ಟಿ ಸಿಡ್ನಿಯಲ್ಲಿ ಕಲಿತ ರದರ್‌ಫರ್ಡ್ ನೆಸ್ ರಾಬರ್ಟ್‌ಸನ್ ಎಂಬ ಸಸ್ಯಶಾಸ್ತ್ರಜ್ಞರು 1940ರ ದಶಕದಲ್ಲಿ ಗಜ್ಜರಿಯ ಬಿಲ್ಲೆಗಳನ್ನು ಹಿಡಿದು ಪರೀಕ್ಷಿಸಿದರು. ನೀರಿನಲ್ಲಿ ಚೆನ್ನಾಗಿ ತೊಳೆದ ಬಿಲ್ಲೆಗಳನ್ನು ಉಪ್ಪಿನ ದ್ರಾವಣಕ್ಕೆ ಹಾಕಿದರೆ ಅವುಗಳ ಉಸಿರಾಟ ಹೆಚ್ಚುವುದು. ಆ ಹೆಚ್ಚಳವನ್ನು ಆಮ್ಲಜನಕದ ಅಳತೆಯಿಂದ ನಿರ್ಧರಿಸಿ, ಒಳಗೆ ಸೇರಿದ ಉಪ್ಪಿನೊಡನೆ ಹೋಲಿಸಿ, ಒಂದು ಆಮ್ಲಜನಕದ ಅಣು ವ್ಯಯವಾದರೆ ಗರಿಷ್ಠವೆಂದರೆ ನಾಲ್ಕು ಅಯಾನುಗಳು ಒಳಬರುತ್ತವೆಂಬ ಲೆಕ್ಕವನ್ನು ಅವರೂ ಮಾರ್ಜೊರಿ ವಿಲ್ಕಿನ್ಸ್ ಅವರೂ 1948ರಲ್ಲಿ ಪ್ರಕಟಿಸಿದರು. ಒಂದು ಆಮ್ಲಜನಕದ ಅಣು ಉಸಿರಾಟದಲ್ಲಿ ಸ್ವೀಕರಿಸುವ ಎಲೆಕ್ಟ್ರಾನುಗಳೂ ನಾಲ್ಕೇ. ಉಸಿರಾಟವೆಂದರೆ ಪೊರೆಯ ಎರಡು ಬದಿಗಳಲ್ಲಿ ವಿದ್ಯುದಂಶಗಳನ್ನು ಬೇರ್ಪಡಿಸುವ ಕ್ರಿಯೆ, ಆ ಬೇರ್ಪಡಿಕೆಯೇ ಸಾಗಾಣಿಕೆಯ ಶಕ್ತಿ ಎಂಬ ಚಿಂತನೆಗೆ ಈ ಲೆಕ್ಕ ಬಲಕೊಟ್ಟಿತು. ಅದೇ ದಿಕ್ಕಿನಲ್ಲಿ 1961ರಲ್ಲಿ ಪೀಟರ್ ಮಿಚೆಲ್ ಮಂಡಿಸಿದ ಸಿದ್ಧಾಂತಕ್ಕೆ 1978ರ ನೊಬೆಲ್ ಬಹುಮಾನ ದೊರೆತುದನ್ನು ಎಲ್ಲರೂ ಬಲ್ಲರು. ಸಿಡ್ನಿಯ ಗಜ್ಜರಿಯ ಬಿಲ್ಲೆಗಳನ್ನು ನೆನೆಯುವವರು ವಿರಳ. ಅಡುಗೆಮನೆಯ ಒಂದು ಕಾಯಿಪಲ್ಯದಿಂದ ಜೀವಶಕ್ತಿಯ ಮೂಲಪ್ರಶ್ನೆಯನ್ನು ಎತ್ತಿದ ಈ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ.

ಅದೇ ನಗರದ ಮೆಕ್ವಾರಿ ಬೀದಿಯಲ್ಲಿನ ಸಿಡ್ನಿ ಆಸ್ಪತ್ರೆಗೆ ಸೇರಿದ ಕಾನೆಮಾತ್ಸು ಸಂಸ್ಥೆಯಲ್ಲಿ, ಮೆಲ್ಬರ್ನಿನವರೇ ಆದ ಜಾನ್ ಎಕಲ್ಸ್ 1937ರಿಂದ ನಿರ್ದೇಶಕರಾಗಿದ್ದರು. ನಾಟ್ಸಿಗಳ ಹಿಂಸೆಗೆ ಜರ್ಮನಿಯನ್ನು ತೊರೆದ ಬರ್ನಾರ್ಡ್ ಕಾಟ್ಜ್, ವಿಯೆನ್ನಾದಿಂದ ತಪ್ಪಿಸಿಕೊಂಡು ಬಂದ ಸ್ಟೀಫನ್ ಕುಫ್ಲರ್ ಇವರಿಬ್ಬರ ಜೊತೆಗೂಡಿ ಅವರು, ನರವು ಸ್ನಾಯುವನ್ನು ಮುಟ್ಟುವೆಡೆಯಲ್ಲಿ ಪೊರೆಯ ವಿದ್ಯುತ್ತು ಹೇಗೆ ಬದಲಾಗುವುದೆಂದು ಕಪ್ಪೆ, ಬೆಕ್ಕುಗಳಲ್ಲಿ ಪರೀಕ್ಷಿಸುತ್ತಿದ್ದರು. ಜಪಾನಿನ ವ್ಯಾಪಾರ ಸಂಸ್ಥೆಯೊಂದರ ದಾನದಿಂದ 1933ರಲ್ಲಿ ನಿಂತ ಕಟ್ಟಡದಲ್ಲಿ, ಯುದ್ಧದ ಕಾಲದಲ್ಲಿ, ಮೂರು ದೇಶಗಳ ಮೂವರು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರೆಂಬುದನ್ನು ನೆನೆದರೆ ಮನಸ್ಸಿಗೆ ಸಮಾಧಾನವಾಗುತ್ತದೆ. ಎಕಲ್ಸ್ 1963ರಲ್ಲಿಯೂ ಕಾಟ್ಜ್ 1970ರಲ್ಲಿಯೂ ನೊಬೆಲ್ ಪಡೆದರು. ಮುಂದೆ ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಅಲೆಕ್ಸ್ ಹೋಪ್ ಮತ್ತು ಅಲನ್ ವಾಕರ್, ಕೊಳಗಳಲ್ಲಿ ಬೆಳೆಯುವ ಕಾರಾ ಎಂಬ ಪಾಚಿಯನ್ನು ಆರಿಸಿಕೊಂಡರು. ಇದರ ಒಂದೊಂದು ಕೋಶವೂ ಹಲವು ಸೆಂಟಿಮೀಟರ್ ಉದ್ದವಿರುವುದರಿಂದ, ಬೇರೆಡೆಗಳಲ್ಲಿ ಕಷ್ಟಸಾಧ್ಯವಾದ ಪೊರೆಯ ವಿದ್ಯುನ್ಮಾಪನವನ್ನು ಇದರಲ್ಲಿ ನೇರವಾಗಿ ಮಾಡಬಹುದಾಗಿದ್ದಿತು.

ನಮ್ಮ ಕರುಳಿನ ಕೋಶಕ್ಕೆ ಮರಳೋಣ. ಅದರ ರಕ್ತದ ಕಡೆಯ ಪೊರೆಯಲ್ಲಿ ಒಂದು ಪಂಪು ಇದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಕಂಡುಹಿಡಿದರು. ಪ್ರತಿ ಸಲವೂ ಶಕ್ತಿಯನ್ನು ವ್ಯಯಿಸಿ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರದೂಡಿ ಎರಡು ಪೊಟ್ಯಾಸಿಯಂಗಳನ್ನು ಒಳಕ್ಕೆ ತರುವುದು. ಹೀಗೆ ಕೋಶದೊಳಗೆ ಸೋಡಿಯಂ ವಿರಳವಾದುದರಿಂದ, ಹೊರಗಿನ ಸೋಡಿಯಂಗೆ ಒಳಬರುವ ತವಕ. ಬಾವಿಯಿಂದ ಸೇದಿ ಮಾಳಿಗೆಯ ತೊಟ್ಟಿಗೆ ಏರಿಸಿದ ನೀರು ಇಳಿಯುವಾಗ ಮನೆಯ ಕೆಲಸವೆಲ್ಲವನ್ನೂ ನಡೆಸಿಕೊಡುವಂತೆ, ಈ ಸೋಡಿಯಂ ಒಳಕ್ಕೆ ಇಳಿಯುವಾಗ ತನ್ನೊಡನೆ ಗ್ಲೂಕೋಸನ್ನೂ ಸೆಳೆದು ತರುತ್ತದೆ. ಎರಡು ಸೋಡಿಯಂಗೆ ಒಂದು ಗ್ಲೂಕೋಸ್ ಎಂಬುದು ನಮ್ಮ 664 ಅಮೈನೊ ಆಮ್ಲಗಳ ವಾಹಕದ ನಿಯಮ. 1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್, ಸೋಡಿಯಂ ತನ್ನೊಡನೆ ಗ್ಲೂಕೋಸನ್ನು ಸೆಳೆದು ತರುವುದೆಂಬ ಕಲ್ಪನೆಯನ್ನು ಮಂಡಿಸಿದರು. ಉಪ್ಪೂ ಸಕ್ಕರೆಯೂ ಹೋದಲ್ಲಿ ನೀರೂ ಹಿಂದೆಯೇ ಹೋಗುವುದು. ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಹೋಳುಗಳಿಂದ ನೀರು ಉಪ್ಪಿನ ಕಡೆಗೆ ಬಿಟ್ಟುಕೊಳ್ಳುವುದನ್ನು ಉಪ್ಪಿನಕಾಯಿ ಹಾಕುವ ಮನೆಯವರೆಲ್ಲ ಕಂಡಿದ್ದಾರೆ.

ರೋಟಾವೈರಸ್ ಕೈಯಿಡುವುದು ಈ ವ್ಯವಸ್ಥೆಗೆ. ಅದು ಅಂಕುರಗಳ ತುದಿಯ ಪ್ರೌಢಕೋಶಗಳನ್ನೇ ಹುಡುಕಿ ಹೊಗುತ್ತದೆ. ಹೊಕ್ಕ ಮೇಲೆ ಅದು ಮಾಡುವ ಮೊದಲ ಕೆಲಸ ನನ್ನನ್ನು ಬೆರಗುಗೊಳಿಸಿದೆ: ತನ್ನ ಆರ್‌ಎನ್‌ಎ ಪ್ರತಿಗಳನ್ನು ತಯಾರಿಸುವಾಗ, ಆಡಮ್ಸ್-ಕೋರಿ ದಂಪತಿಗಳು ಕಂಡ ಅದೇ ಕ್ಯಾಪ್ ತುದಿಯನ್ನು ತನ್ನದೇ ಕಿಣ್ವದಿಂದ ಪ್ರತಿಯೊಂದಕ್ಕೂ ಜೋಡಿಸಿಬಿಡುತ್ತದೆ. ವೈರಾಣುವನ್ನು ಕಂಡ ಆಸ್ಪತ್ರೆಯೂ ಕ್ಯಾಪನ್ನು ಕಂಡ ಸಂಸ್ಥೆಯೂ ಮೆಲ್ಬರ್ನಿನ ಪಾರ್ಕ್‌ವಿಲ್ ಎಂಬ ಒಂದೇ ಬಡಾವಣೆಯಲ್ಲಿವೆ. ಎರಡು ಕಾಣ್ಕೆಗಳ ನಡುವಣ ಅಂತರ ಎರಡೇ ವರ್ಷ. ಅಷ್ಟಕ್ಕೇ ತೃಪ್ತಿಗೊಳ್ಳದೆ ವೈರಾಣು ತನ್ನ ಒಂದು ಪ್ರೋಟೀನಿನಿಂದ ಓದಿನ ಯಂತ್ರವನ್ನೇ ಹಿಡಿದು, ಕೋಶದ ಸಂದೇಶಗಳನ್ನು ಬದಿಗೊತ್ತಿ, ತನ್ನವನ್ನು ಮುಂದಕ್ಕೆ ತರುತ್ತದೆ. ಕೋಶದ ಪ್ರೋಟೀನುಗಳ ಕಟ್ಟಣೆ ಕುಗ್ಗುತ್ತದೆ. ಹಳೆಯ ವಾಹಕಗಳು ಸವೆದಂತೆ ಹೊಸವು ಬರುವುದಿಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವೂ ಇದೇ ಕೋಶಗಳ ಪೊರೆಯಲ್ಲಿರುವುದರಿಂದ, ಭೇದಿ ನಿಂತ ಮೇಲೂ ಕೆಲವು ಮಕ್ಕಳಿಗೆ ಕೆಲವು ದಿನ ಹಾಲು ಅರಗದು. ವೈರಾಣುವಿನ ಮತ್ತೊಂದು ಪ್ರೋಟೀನು ಕೋಶದೊಳಗಿನ ಕ್ಯಾಲ್ಸಿಯಂ ಸಮತೋಲವನ್ನು ಕೆಡಿಸಿ, ಲವಣ ನೀರುಗಳು ಕರುಳಿನ ಒಳಗಡೆಗೆ ಸುರಿಯುವಂತೆ ಮಾಡುವುದೆಂದು 1996ರಲ್ಲಿ ಅಮೆರಿಕದ ಮೇರಿ ಎಸ್ಟೆಸ್ ಅವರ ಬಳಗ ತೋರಿಸಿತು.

ಆದರೂ ಎಲ್ಲ ವಾಹಕಗಳೂ ನಾಶವಾಗುವುದಿಲ್ಲ. ವೈರಾಣು ಮುಟ್ಟದ ಕೋಶಗಳು ಉಳಿದಿರುತ್ತವೆ, ಬುಡದ ಕುಳಿಗಳಿಂದ ಹೊಸವು ಬರುತ್ತಲೇ ಇರುತ್ತವೆ. ಅವುಗಳಿಗೆ ಉಪ್ಪನ್ನೂ ಗ್ಲೂಕೋಸನ್ನೂ ಸರಿಯಾದ ಪ್ರಮಾಣದಲ್ಲಿ ಒಟ್ಟಿಗೆ ಒದಗಿಸಿದರೆ ನೀರು ಮತ್ತೆ ರಕ್ತದ ಕಡೆಗೆ ಸಾಗುವುದು. ಭೇದಿಯಾದವರಿಗೆ ನೀರಿನಲ್ಲಿ ಕರಗಿಸಿ ಕುಡಿಸುವ ಓಆರ್‌ಎಸ್ ಪೊಟ್ಟಣದ ಮರ್ಮ ಇಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಇದರಲ್ಲಿ ಸೋಡಿಯಮ್ಮೂ ಗ್ಲೂಕೋಸೂ ಅಣುಗಳ ಲೆಕ್ಕದಲ್ಲಿ ಸರಿಸಮ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದವರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋಗಲು, ಡಾಕ್ಟರ್ ದಿಲೀಪ್ ಮಹಲನಬಿಸ್ ಇಂಥ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ, ಶೇಕಡಾ ಮೂವತ್ತರಷ್ಟಿದ್ದ ಸಾವನ್ನು ಶೇಕಡಾ ನಾಲ್ಕರ ಕೆಳಗೆ ಇಳಿಸಿದರು. ಅವರಿಗೆ ಪದ್ಮವಿಭೂಷಣ ಬಂದುದು 2023ರಲ್ಲಿ, ಮರಣಾನಂತರ, ಜೀವಿತಕಾಲದಲ್ಲಿ ಬರಬೇಕಾಗಿದ್ದಿತು. ಪೊಟ್ಟಣ ಸಿಕ್ಕದ ಹೊತ್ತಿನಲ್ಲಿ ಒಂದು ಲೀಟರ್ ಶುದ್ಧವಾದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿ ಉಲ್ಬಣಿಸುವುದು.

ರೂತ್ ಬಿಷಪ್ ಮೆಲ್ಬರ್ನಿನ ಹೆರಿಗೆಯ ವಾರ್ಡುಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿದರು: ಹುಟ್ಟಿದ ಕೆಲವೇ ದಿನಗಳಲ್ಲಿ ಈ ವೈರಾಣು ತಗುಲಿದ ಶಿಶುಗಳಿಗೆ, ಮುಂದಿನ ಮೂರು ವರ್ಷ ಸೋಂಕು ಮತ್ತೆ ತಗುಲಿದರೂ ತೀವ್ರವಾದ ಭೇದಿಯಾಗುತ್ತಿರಲಿಲ್ಲ. 1983ರಲ್ಲಿ ಪ್ರಕಟವಾದ ಈ ವಿಷಯ ಲಸಿಕೆಗಳ ದಾರಿಯನ್ನು ತೆರೆಯಿತು. ಬೆಂಗಳೂರಿನ ನವಜಾತ ಶಿಶುಗಳಲ್ಲಿಯೂ ರೋಗ ತಾರದ ಇಂಥದೇ ತಳಿಯೊಂದು ಸಿಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಅವರ ಬಳಗ ಅಧ್ಯಯನ ಮಾಡಿದ ಐ321 ಎಂಬ ಆ ತಳಿಯ ಬಹುಪಾಲು ಜೀನುಗಳು ಹಸುವಿನ ರೋಟಾವೈರಸ್ಸಿನಿಂದ ಬಂದವು. ಅದನ್ನೂ ದೆಹಲಿಯ ಶಿಶುಗಳಲ್ಲಿ ದೊರೆತ 116ಇ ಎಂಬ ತಳಿಯನ್ನೂ ಒಟ್ಟಿಗೆ ಪರೀಕ್ಷಿಸಿದಾಗ ದೆಹಲಿಯದು ಮೇಲಾಯಿತು. 2016ರಿಂದ ನಮ್ಮ ಸರಕಾರದ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ರೋಟಾವ್ಯಾಕ್ ಅದರಿಂದಲೇ ಆದುದು. ಮೆಲ್ಬರ್ನಿನ ತಳಿಯಿಂದ ತಯಾರಿಸಿದ ಲಸಿಕೆಯನ್ನು ಇಂಡೊನೇಷ್ಯದಲ್ಲಿ ಹುಟ್ಟಿದ ಐದು ದಿನಗಳೊಳಗಿನ ಶಿಶುಗಳಿಂದ ಮೊದಲುಗೊಂಡು ಪರೀಕ್ಷಿಸಿ, ಸತ್ಫಲ ಬಂದುದನ್ನು 2018ರಲ್ಲಿ ವರದಿ ಮಾಡಿದರು. ಇವೆಲ್ಲ ಬಾಯಿಗೆ ಹಾಕುವ ಹನಿಗಳು. ಹನಿಯಲ್ಲಿರುವ ಸೌಮ್ಯವಾದ ವೈರಾಣು ಮಗುವಿನ ಕರುಳಿನ ಕೋಶವನ್ನು ಹೊಕ್ಕು, ಅಲ್ಲಿನ ರೈಬೊಸೋಮುಗಳಿಂದಲೇ ತನ್ನ ಪ್ರೋಟೀನುಗಳನ್ನು ಕಟ್ಟಿಸಿಕೊಂಡು, ದೇಹದ ರಕ್ಷಕ ಕೋಶಗಳಿಗೆ ಅವುಗಳ ಪರಿಚಯವನ್ನು ಮಾಡಿಕೊಡುತ್ತದೆ. ಭೇದಿಗೆ ಕಾರಣವಾಗುವ ಬೇರೆ ಸೂಕ್ಷ್ಮಜೀವಿಗಳನ್ನು ಈ ಹನಿ ತಡೆಯಲಾರದು. ಆಗ ಬೇಕಾಗುವುದು ಉಪ್ಪು ಸಕ್ಕರೆಯ ನೀರೇ.