ಕಸಜಾಲರಿ: ಹಲಸೂರಿನ ಕಾಲುವೆಯಿಂದ ಕಡಲೂರಿನ ಅಳಿವೆಯವರೆಗೆ

ಕಡಲು ಸೇರಬಹುದಾದ ಪ್ಲಾಸ್ಟಿಕ್ಕನ್ನು ಊರಿನ ಕಾಲುವೆಯಲ್ಲೇ ಹಿಡಿದು ಮೇಲೆತ್ತಲು ಬಳಸುವ ಸಾಧನ ಕಸಜಾಲರಿ. ನೋಡಲು ಕಬ್ಬಿಣದ ಕಂಬಿಗಳ ಚೌಕಟ್ಟು, ಅಷ್ಟೆ. ಬೆಂಗಳೂರಿನಲ್ಲಿ ರಾಜಕಾಲುವೆ ಕೆರೆಗೆ ಬೀಳುವ ಜಾಗದಲ್ಲಿ ಇದನ್ನು ನಿಲ್ಲಿಸುತ್ತಾರೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಹಲಸೂರಿನಂಥ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ ಕಡಲಿನ ಮಾತು ಏಕೆ ಬಂತು ಎಂಬುದು ನೀರು ಹರಿಯುವ ದಾರಿ ಹಿಡಿದರೆ ತಿಳಿಯುತ್ತದೆ.

ಸುಮಾರು 50 ಹೆಕ್ಟೇರ್ ಹರವಿನ ಹಲಸೂರು ಕೆರೆಗೆ ಭಾರತಿನಗರ, ಜಯಮಹಲ್ ಕಡೆಯ ಇಳಿಜಾರಿನ ಮಳೆನೀರು ಬರುತ್ತದೆ. ಕೆರೆ ಕೋಡಿ ಬಿದ್ದರೆ ಆ ನೀರು ಚಲ್ಲಘಟ್ಟ ಕಣಿವೆ ಹಿಡಿದು, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಕೆ.ಆರ್. ಪುರದ ಆಚೆಯ ಎಲೆಮಲ್ಲಪ್ಪ ಶೆಟ್ಟಿ ಕೆರೆ ಹೆಬ್ಬಾಳ ಕಣಿವೆಯದಾದರೂ ಅದರ ನೀರೂ ಕೊನೆಗೆ ಮುಟ್ಟುವುದು ಪಿನಾಕಿನಿಯನ್ನೇ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ನದಿ ಹೊಸೂರಿನ ಬಳಿಯ ಕೆಲವರಪಳ್ಳಿ, ಆಮೇಲೆ ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳಲ್ಲಿ ತಂಗಿ, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಹಲಸೂರಿನಲ್ಲಿ ಎಸೆದ ಕವರ್ ನೆಟ್ಟಗೆ ಕಡಲಿಗೆ ಹೋಗುತ್ತದೆ ಎಂದರೆ ಉತ್ಪ್ರೇಕ್ಷೆಯಾದೀತು. ದಾರಿಯಲ್ಲಿನ ಕೆರೆಗಳ ಹೂಳು, ಅಣೆಕಟ್ಟುಗಳ ಹಿನ್ನೀರು ಬಹಳಷ್ಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದರೆ ನಿಂತದ್ದು ಕರಗುವುದಿಲ್ಲ. ಬಿಸಿಲಿಗೆ ಚೂರುಚೂರಾಗಿ, ಮುಂದಿನ ನೆರೆ ಬಂದಾಗ ಮತ್ತೆ ಹೊರಡುತ್ತದೆ.

ಕಡಲಿನ ಪ್ಲಾಸ್ಟಿಕ್ಕಿಗೆ ಬೆರಳೆಣಿಕೆಯ ಮಹಾನದಿಗಳೇ ಮೂಲ ಎಂಬ ನಂಬಿಕೆ ಹಿಂದೆ ಇತ್ತು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಅಲುಗಾಡಿಸಿತು. ನದಿಗಳ ಮೂಲಕ ಬರುವ ಪ್ಲಾಸ್ಟಿಕ್ಕಿನಲ್ಲಿ ಶೇ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ, ಅದರಲ್ಲೂ ಜನದಟ್ಟಣೆಯ ಊರುಗಳ ನಡುವೆ ಹರಿಯುವ ಚಿಕ್ಕ ಹೊಳೆಗಳ ಪಾಲು ದೊಡ್ಡದು ಎಂದು ಅದು ಲೆಕ್ಕ ಹಾಕಿತು.

ಜಾಲರಿಯಲ್ಲಿ ಎರಡು ಬಗೆ. ಒಂದು ಕಾಲುವೆಗೆ ಅಡ್ಡಲಾಗಿ ನೆಟ್ಟ ಸ್ಥಿರ ಚೌಕಟ್ಟು. ಇನ್ನೊಂದು ನೀರಿನ ಮಟ್ಟದೊಡನೆ ಏರಿಳಿಯುವ ತೇಲುತಡೆ. ಬೆಂಗಳೂರಿನ ಆಲ್ಫಾಮರ್ಸ್ ಕಂಪನಿ 2017ರಲ್ಲಿ ಚೆನ್ನೈನ ಕೂವಂ ನದಿಗೆ ಹಾಕಿದ್ದು ಇಂಥ ಲೋಹದ ಬಲೆಯ ತಡೆಗಳನ್ನು. ಇದನ್ನು ಹೊಳೆಗೆ ಓರೆಯಾಗಿ ಕಟ್ಟುವುದರಲ್ಲಿದೆ ಜಾಣತನ: ಕಸವನ್ನು ಒಂದು ದಡಕ್ಕೆ ತಳ್ಳುವ ಕೆಲಸವನ್ನು ಹರಿವೇ ಮಾಡಿಬಿಡುತ್ತದೆ, ದಡದಲ್ಲಿ ನಿಂತ ಯಂತ್ರ ಎತ್ತಿಕೊಂಡರಾಯಿತು. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 2014ರಿಂದ ಎತ್ತುವ ಕೆಲಸಕ್ಕೂ ನೀರಿನ ಚಕ್ರವನ್ನೇ ಹೂಡಿದ್ದಾರೆ.

ಮಿತಿಗಳು ಹಲವು. ತೇಲುತಡೆಗೆ ಸಿಗುವುದು ತೇಲುವುದು ಮಾತ್ರ. ಪಾಲಿಥಿನ್, ಪಾಲಿಪ್ರೊಪಿಲೀನ್, ಥರ್ಮೊಕೋಲ್ ನೀರಿಗಿಂತ ಹಗುರ. ಬಾಟಲಿಯ ಪೆಟ್ ಪ್ಲಾಸ್ಟಿಕ್, ಪಿವಿಸಿ, ನೈಲಾನ್ ಭಾರ. ಮುಚ್ಚಳ ಬಿಗಿದ ಖಾಲಿ ಬಾಟಲಿ ತೇಲಿ ಬಂದರೆ, ಮುಚ್ಚಳ ತೆಗೆದದ್ದು ನೀರು ಕುಡಿದು ತಳ ಸೇರುತ್ತದೆ. ಹಗುರವಾದ ಕವರ್ ಕೂಡ ಹೂಳು ತುಂಬಿಕೊಂಡರೆ ಮುಳುಗುತ್ತದೆ. ಸ್ಥಿರ ಜಾಲರಿಯ ಕಷ್ಟ ಬೇರೆ: ಜಲಕಳೆಯೂ ಕಸವೂ ಸೇರಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತಿ ಪಕ್ಕದ ಬೀದಿಗೆ ನುಗ್ಗುತ್ತದೆ. ಹಾಗಾಗಿ ಜಾಲರಿ ಹಾಕುವುದಕ್ಕಿಂತ ಅದನ್ನು ಮಳೆಗೆ ಮುಂಚೆ, ಮಳೆಯ ನಡುವೆ, ಮಳೆ ನಿಂತ ಮೇಲೆ ಬಿಡಿಸುತ್ತಿರುವುದೇ ದೊಡ್ಡ ಕೆಲಸ. ಟೆಂಡರಿನಲ್ಲಿ ಕಬ್ಬಿಣಕ್ಕೆ ಸಿಗುವ ಗಮನ ಈ ಕೂಲಿಗೆ ಸಿಗುವುದು ಅಪರೂಪ. ಇನ್ನು ಕೊಳಚೆಗೆ ಜಾಲರಿಯ ಹಂಗಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೀರಿನಲ್ಲಿ ಆಮ್ಲಜನಕ ಕುಸಿದಿದ್ದರಿಂದ. ಎಷ್ಟು ಸಣ್ಣ ಕಣ್ಣಿನ ಜಾಲರಿಯೂ ಅದನ್ನು ತಡೆಯುತ್ತಿರಲಿಲ್ಲ.

ಎತ್ತಿದ ಕಸ ಎಲ್ಲಿಗೆ? ಮನೆಯಲ್ಲೇ ಬೇರ್ಪಡಿಸಿದ ಒಣಕಸಕ್ಕೆ ಬೆಂಗಳೂರಿನಲ್ಲಿ ವಾರ್ಡು ಮಟ್ಟದ ಸಂಗ್ರಹ ಕೇಂದ್ರಗಳಿವೆ. ಹಸಿರುದಳದಂಥ ಸಂಘಟನೆಯ ಮೂಲಕ ಚಿಂದಿ ಆಯುವವರೇ ಅಂಥ ಕೇಂದ್ರಗಳನ್ನು ನಡೆಸುವುದೂ ಉಂಟು. ಕಾಲುವೆಯಿಂದ ಬಂದ ಪ್ಲಾಸ್ಟಿಕ್ಕಿಗೆ ಆ ಯೋಗವಿಲ್ಲ. ಕೆಸರು ಮೆತ್ತಿದ ಕವರಿಗೆ ಗುಜರಿಯಲ್ಲಿ ಬೆಲೆ ಬರುವುದಿಲ್ಲ, ತೊಳೆಯುವ ಖರ್ಚೇ ಹೆಚ್ಚು. ಗಟ್ಟಿ ಬಾಟಲಿಗಳನ್ನು ಆರಿಸಿಕೊಂಡ ಮೇಲೆ ಉಳಿದದ್ದರಲ್ಲಿ ಒಣಗಿಸಲಾದದ್ದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ, ಉಳಿದದ್ದು ತಿಪ್ಪೆಗೆ. ರಾಜ್ಯದಲ್ಲಿ 2016ರಿಂದಲೂ ಕ್ಯಾರಿಬ್ಯಾಗ್, ಥರ್ಮೊಕೋಲ್ ತಟ್ಟೆಗಳಿಗೆ ನಿಷೇಧವಿದೆ, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶವ್ಯಾಪಿ ನಿಷೇಧವೂ ಬಂದಿದೆ. ಯಾವುದೇ ಕಾಲುವೆಯ ಬಾಯಲ್ಲಿ ಇಣುಕಿದರೆ ಅದರ ಜಾರಿ ಹೇಗಿದೆ ಎಂದು ಗೊತ್ತಾಗುತ್ತದೆ.

ಕಡಲಿನಲ್ಲೇ ಹುಟ್ಟುವ ಕಸ ಜಾಲರಿಗೆ ಎಟುಕುವುದಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಬರುವ ಕಡಲ ಮೀನು ಇಂದು ಬಹುಪಾಲು ನೈಲಾನ್ ಮತ್ತಿತರ ಪ್ಲಾಸ್ಟಿಕ್ ನೂಲಿನ ಬಲೆಯಲ್ಲಿ ಸಿಕ್ಕಿದ್ದು. ಹತ್ತಿ, ಸೆಣಬಿನ ಬಲೆ ಕಳೆದುಹೋದರೆ ಕೊಳೆತುಹೋಗುತ್ತಿತ್ತು. ನೈಲಾನ್ ಬಲೆ ವರ್ಷಗಟ್ಟಲೆ ತಳದಲ್ಲಿದ್ದು ಮೀನು, ಏಡಿ, ಆಮೆಗಳನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಜಗತ್ತಿನ ಮೀನುಗಾರಿಕೆ ಸಲಕರಣೆಗಳಲ್ಲಿ ಪ್ರತಿವರ್ಷ ಸುಮಾರು ಶೇ 2ರಷ್ಟು ಹೀಗೆ ಕಳೆದುಹೋಗುತ್ತವೆ ಎಂದು 2022ರ ಅಧ್ಯಯನವೊಂದು ಅಂದಾಜಿಸಿದೆ. ಅವನ್ನು ತೆಗೆಯುವ ಹಳೆಯ ಉಪಾಯ, ಬಾವಿಗೆ ಬಿದ್ದ ಬಿಂದಿಗೆಯನ್ನು ಪಾತಾಳಗರಡಿಯಲ್ಲಿ ಎತ್ತುವಂತೆ, ದೋಣಿಯ ಹಿಂದೆ ಕೊಕ್ಕೆ ಎಳೆಯುವುದು. ಬಂಡೆ, ಹವಳದ ನಡುವೆ ಕೊಕ್ಕೆ ಎಳೆದರೆ ಹಾನಿಯೇ ಹೆಚ್ಚು. ಅಲ್ಲಿ ಮುಳುಗುಗಾರರು ಬಲೆಯನ್ನು ಕತ್ತರಿಸಿ, ಗಾಳಿಚೀಲ ಕಟ್ಟಿ ತೇಲಿಸುತ್ತಾರೆ. ಕೇರಳದ ಕೊಲ್ಲಂನಲ್ಲಿ 2017ರಲ್ಲಿ ಶುರುವಾದ ‘ಶುಚಿತ್ವ ಸಾಗರಂ’ ಯೋಜನೆ ಮೀನುಗಾರರನ್ನೇ ಕೆಲಸಕ್ಕೆ ಹಚ್ಚಿತು. ಮೀನಿನೊಡನೆ ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಅವರು ಮತ್ತೆ ನೀರಿಗೆ ಬಿಸಾಡದೆ ಬಂದರಿಗೆ ತರುತ್ತಾರೆ. ಅಲ್ಲಿ ಮಹಿಳೆಯರು ಅದನ್ನು ವಿಂಗಡಿಸಿ, ತೊಳೆದು, ಪುಡಿ ಮಾಡಿ ರಸ್ತೆ ಡಾಂಬರಿಗೆ ಕೊಡುತ್ತಾರೆ.

ನೈಲಾನ್ ಬಲೆಯನ್ನು ಮತ್ತೆ ನೂಲಾಗಿಸುವ ತಂತ್ರವೂ ಇದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಲೆ ದುರಸ್ತಿಯ ಆ ಎರಡು ತಿಂಗಳು ಹಳೆಯದನ್ನು ಕೊಳ್ಳಲು ಅನುಕೂಲದ ಕಾಲ. ಆದರೆ 2022ರ ಉತ್ಪಾದಕರ ಹೊಣೆಗಾರಿಕೆಯ ನಿಯಮಗಳು ಮುಖ್ಯವಾಗಿ ಪ್ಯಾಕೇಜಿಂಗ್ ಪ್ಲಾಸ್ಟಿಕ್ಕಿಗೆ ಅನ್ವಯಿಸುತ್ತವೆ. ಹಾಲಿನ ಕವರಿನ ಕಂಪನಿಗೆ ಇರುವ ವಾಪಸು ಪಡೆಯುವ ಬಾಧ್ಯತೆ ಬಲೆ ತಯಾರಕರಿಗೆ ಅವುಗಳಡಿ ಬರುವುದಿಲ್ಲ.