ನೀರಿತ್ತು, ಶಾಸಕರಿರಲಿಲ್ಲ

2019 ಅಂದ್ರೆ ರಾಜ್ಯದ ಉಳಿದವರಿಗೆ ನೆನಪಾಗೋದು ರೆಸಾರ್ಟ್. ಅಥಣಿ, ಕಾಗವಾಡದವರಿಗೆ ನೆನಪಾಗೋದು ಕೃಷ್ಣೆ. ಈ ಎರಡೂ ಕಥೆಗಳ ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಆ ಬೇಸಿಗೆಯಲ್ಲಿ ಹೊಳಿ ಬತ್ತಿತ್ತು. ಕೊಯ್ನಾದಿಂದ ನೀರು ಬಿಡಿ ಅಂತ ಮಹಾರಾಷ್ಟ್ರಕ್ಕೆ ಕೈಮುಗಿದಿದ್ದೆವು. ಅದೇ ಸಮಯಕ್ಕೆ ಲೋಕಸಭೆ ಚುನಾವಣೆ. ಚಿಕ್ಕೋಡಿಯಲ್ಲಿ ಅಣ್ಣಾಸಾಹೇಬ ಜೊಲ್ಲೆ ಅವರು ಪ್ರಕಾಶ ಹುಕ್ಕೇರಿ ಅವರನ್ನು ಸೋಲಿಸಿದರು.

ಜುಲೈ 25ಕ್ಕೆ ಅಥಣಿಯ ಮಹೇಶ ಕುಮಠಳ್ಳಿ ಅನರ್ಹ. 28ಕ್ಕೆ ಕಾಗವಾಡದ ಶ್ರೀಮಂತ ಪಾಟೀಲ ಅನರ್ಹ. ಸ್ಪೀಕರ್ ರಮೇಶ್ ಕುಮಾರ್ ಆದೇಶ. ನಡುವೆ 26ಕ್ಕೆ ಯಡಿಯೂರಪ್ಪ ಮುಖ್ಯಮಂತ್ರಿ. ಸಂಪುಟ? ಆಗಸ್ಟ್ 20ರವರೆಗೆ ಅವರೊಬ್ಬರೇ!

ನೆರೆ ಬಂದಿದ್ದು ಯಾವಾಗ? ಆಗಸ್ಟ್ ಮೊದಲ ವಾರ.

ನೆರೆ ಹೇಗೆ ಬರುತ್ತೆ ಅನ್ನೋದನ್ನೂ ತಿಳ್ಕೊಳ್ಳಿ. ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಇದರಲ್ಲಿ ನನಗೆ ಸ್ವಲ್ಪ ಕುತೂಹಲ ಜಾಸ್ತಿ. ಅಥಣಿಯಲ್ಲಿ ಮಳೆ ಸುರಿಯಬೇಕೆಂದೇನಿಲ್ಲ. ಮಹಾಬಳೇಶ್ವರದ ಘಟ್ಟದಲ್ಲಿ ಸುರಿದರೆ ಸಾಕು. 105 ಟಿಎಂಸಿಯ ಕೊಯ್ನಾ ತುಂಬುತ್ತೆ, ಗೇಟ್ ಎತ್ತುತ್ತಾರೆ. ಸಾಂಗ್ಲಿ ದಾಟಿದ ಮೇಲೆ ನರಸೋಬವಾಡಿಯಲ್ಲಿ ಪಂಚಗಂಗಾ ಸೇರ್ತಾಳೆ. ನಮ್ಮ ಗಡಿಯೊಳಗೆ ದೂಧಗಂಗಾ, ವೇದಗಂಗಾ ನೀರೂ ಬಂದು ಕೂಡುತ್ತೆ. ಬಯಲುಸೀಮೆಯಲ್ಲಿ ನದಿಗೆ ಇಳಿಜಾರು ಕಡಿಮೆ, ನೀರು ಬೇಗ ಮುಂದೆ ಸರಿಯಲ್ಲ, ಅಗಲಕ್ಕೆ ಹರಡುತ್ತೆ. ಕಬ್ಬಿನ ಗದ್ದೆ, ದನದ ಕೊಟ್ಟಿಗೆ, ಆಮೇಲೆ ಮನೆ. ಆ ವರ್ಷ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗಾ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಯ್ತು. ರಾಯಬಾಗ ತಾಲೂಕಿನ ಕುಡಚಿ ಸೇತುವೆ ಮುಳುಗಿತು.

ನೀರು ಇಳಿದ ಮೇಲೆ ಶುರುವಾಗೋದೇ ನಿಜವಾದ ಕಷ್ಟ. ತುರ್ತು ಪರಿಹಾರ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಘೋಷಿಸಿತು. ಆದರೆ ನಿಮ್ಮ ಮನೆ 'ಪೂರ್ತಿ' ಬಿದ್ದಿದೆಯೋ 'ಭಾಗಶಃ' ಬಿದ್ದಿದೆಯೋ ಅಂತ ಬರೆಯೋದು ಸರ್ವೆಗೆ ಬಂದವರ ಪೆನ್ನು. ಒಂದು ಪದಕ್ಕೆ ಲಕ್ಷಗಳ ವ್ಯತ್ಯಾಸ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವನು ಯಾರ ಮನೆ ಬಾಗಿಲಿಗೆ ಹೋಗ್ಬೇಕು? ಶಾಸಕರ ಮನೆಗೆ. ಅಥಣಿ, ಕಾಗವಾಡದಲ್ಲಿ ಆ ಕುರ್ಚಿ ಖಾಲಿ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಖಾಲಿ.

ಅಧಿಕಾರ ಮಾತ್ರ ಈ ಭಾಗಕ್ಕೆ ಧಾರಾಳವಾಗಿ ಬಂತು ಬಿಡಿ. ನಿಪ್ಪಾಣಿಯ ಶಶಿಕಲಾ ಜೊಲ್ಲೆ ಮಂತ್ರಿಯಾದರು. 2018ರಲ್ಲಿ ಕುಮಠಳ್ಳಿ ವಿರುದ್ಧ ಅಥಣಿಯಲ್ಲೇ ಸೋತಿದ್ದ ಲಕ್ಷ್ಮಣ ಸವದಿ ಯಾವ ಸದನದ ಸದಸ್ಯರೂ ಅಲ್ಲದೆ ಉಪಮುಖ್ಯಮಂತ್ರಿಯಾದರು.

ಅಕ್ಟೋಬರ್‌ಗೆ ನಿಗದಿಯಾದ ಉಪಚುನಾವಣೆ ಮುಂದಕ್ಕೆ ಹೋಯ್ತು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ 'ಅನರ್ಹತೆ ಸರಿ, ಆದರೆ ಸ್ಪರ್ಧಿಸಬಹುದು' ಅಂದಿತು. ಡಿಸೆಂಬರ್ 5ಕ್ಕೆ ಮತದಾನ. ಕಾಗವಾಡದಲ್ಲಂತೂ ಹಿಂದಿನ ಸಲದ ಇಬ್ಬರೇ ಎದುರಾಳಿಗಳು, ಪಕ್ಷ ಮಾತ್ರ ಅದಲುಬದಲು: ಕಾಂಗ್ರೆಸ್‌ನಲ್ಲಿದ್ದ ಪಾಟೀಲ ಬಿಜೆಪಿಗೆ, ಬಿಜೆಪಿಯಲ್ಲಿದ್ದ ರಾಜು ಕಾಗೆ ಕಾಂಗ್ರೆಸ್‌ಗೆ. 9ಕ್ಕೆ ಫಲಿತಾಂಶ ಬಂತು. ಅಥಣಿಗೆ ಮತ್ತೆ ಕುಮಠಳ್ಳಿ, ಕಾಗವಾಡಕ್ಕೆ ಮತ್ತೆ ಪಾಟೀಲ. ಅಷ್ಟೊತ್ತಿಗೆ ಹೊಳಿ ಯಾವಾಗಲೋ ತನ್ನ ಪಾತ್ರಕ್ಕೆ ವಾಪಸ್ ಹೋಗಿತ್ತು.