ಯಾರ ಮೆದುಳಿನ ಜೊತೆ ಹೋಲಿಕೆ?

ರೋಗಿ ಸತ್ತ ಮೇಲಷ್ಟೇ ಅಲ್‌ಝೈಮರ್ ಕಾಯಿಲೆ ಖಚಿತವಾಗುತ್ತಿದ್ದ ಕಾಲವೊಂದಿತ್ತು. 1906ರಲ್ಲಿ ಜರ್ಮನಿಯ ಅಲೋಯಿಸ್ ಅಲ್‌ಝೈಮರ್ ಮೊದಲ ಪ್ರಕರಣವನ್ನು ಸಹವೈದ್ಯರ ಮುಂದಿಟ್ಟಾಗ ಅವರ ಬಳಿ ಇದ್ದದ್ದು ಮೃತ ಮಹಿಳೆಯೊಬ್ಬಳ ಮೆದುಳಿನ ತೆಳು ಪದರಗಳು. ನರಕೋಶಗಳ ನಡುವೆ ಗಟ್ಟಿಗೊಂಡ ಪ್ರೋಟೀನು, ಕೋಶಗಳ ಒಳಗೆ ನೂಲಿನಂಥ ಸಿಕ್ಕುಗಳು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದವು. ಆ ಪ್ರೋಟೀನನ್ನು ಜೀವಂತ ಮೆದುಳಿನಲ್ಲಿ ನೋಡಲು ಸುಮಾರು ನೂರು ವರ್ಷ ಕಾಯಬೇಕಾಯಿತು. ಅಮಿಲಾಯ್ಡ್ ಎಂಬ ಆ ಪ್ರೋಟೀನಿಗೆ ಅಂಟಿಕೊಳ್ಳುವ, ಅಲ್ಪ ವಿಕಿರಣ ಸೂಸುವ ವಸ್ತುವೊಂದನ್ನು ಪಿಟ್ಸ್‌ಬರ್ಗ್‌ನ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ರೂಪಿಸಿದರು. ಅದನ್ನು ರಕ್ತಕ್ಕೆ ಸೇರಿಸಿ ಪೆಟ್ ಸ್ಕ್ಯಾನರಿನಲ್ಲಿ ತೆಗೆದ ಚಿತ್ರಗಳು ಸ್ವೀಡನ್ನಿನ ಸಂಶೋಧಕರ ಸಹಯೋಗದಲ್ಲಿ 2004ರಲ್ಲಿ ಪ್ರಕಟವಾದವು. ಇದು ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಚಿತ್ರ ತೆಗೆಯುವುದು ಒಂದು ಕೆಲಸ, ಅದನ್ನು ಓದುವುದು ಮತ್ತೊಂದು. ಕಲಬುರಗಿ ಜಿಲ್ಲೆಯ ಸೇಡಂ ಸೀಮೆಯ ಹಿರಿಯರ ವಿಷಯದಲ್ಲಿ ಈ ಎರಡನೆಯ ಕೆಲಸ ಇನ್ನೂ ಶುರುವಿನಲ್ಲೇ ಇದೆ ಎಂಬುದು ನನ್ನ ವಾದ.

ಮೆದುಳಿನ ಚಿತ್ರ ತಾನಾಗಿ ರೋಗದ ಹೆಸರು ಹೇಳುವುದಿಲ್ಲ. ನೆನಪು ನೆಟ್ಟಗಿರುವವರ ಮೆದುಳಿನಲ್ಲೂ ಅಮಿಲಾಯ್ಡ್ ಇರುತ್ತದೆ. ಇಂಥವರ ಪ್ರಮಾಣ ಐವತ್ತರ ವಯಸ್ಸಿನಲ್ಲಿ ಶೇ 10ರಷ್ಟಿದ್ದರೆ ತೊಂಬತ್ತರ ಹೊತ್ತಿಗೆ ಶೇ 44ರ ಸಮೀಪಕ್ಕೆ ಏರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ಹೇಳುತ್ತದೆ. ಎಂಆರ್‌ಐ ವಿಷಯವೂ ಹೀಗೆಯೇ. ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಭಾಗ ಕುಗ್ಗಿದೆ ಎಂದು ಹೇಳಬೇಕಾದರೆ ಸಹಜ ಗಾತ್ರ ಎಷ್ಟು ಎಂಬುದು ಮೊದಲು ಗೊತ್ತಿರಬೇಕು. ಬಹುಕಾಲ ಜಗತ್ತು ಅಳತೆಗೋಲಾಗಿ ಬಳಸಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ ಸಿದ್ಧವಾದ ಮಾದರಿಯನ್ನು. ಹೈದರಾಬಾದಿನ ಐಐಐಟಿ 2019ರಲ್ಲಿ ನೂರು ಭಾರತೀಯರ ಸ್ಕ್ಯಾನ್‌ಗಳಿಂದ ನಮ್ಮದೇ ಮಾದರಿಯೊಂದನ್ನು ಕಟ್ಟಿದಾಗ, ಭಾರತೀಯರ ಮೆದುಳು ಉದ್ದ, ಅಗಲ, ಎತ್ತರಗಳಲ್ಲಿ ಸರಾಸರಿ ಚಿಕ್ಕದು ಎಂದು ಕಂಡಿತು. ಇದಕ್ಕೂ ಬುದ್ಧಿಗೂ ಸಂಬಂಧವಿಲ್ಲ. ಆದರೆ ಬೇರೆಯವರ ಅಳತೆಯಲ್ಲಿ ಸಹಜ ಮೆದುಳೂ ಕುಗ್ಗಿದಂತೆ ತೋರಬಹುದು. ಬೆಂಗಳೂರಿನ ನಿಮ್ಹಾನ್ಸ್ ಆರರಿಂದ ಅರವತ್ತರ ವಯಸ್ಸಿಗೆ ಮಾದರಿಗಳನ್ನು ರೂಪಿಸಿದೆ. ಮರೆವಿನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಆ ಗಡಿ ದಾಟಿದ ಮೇಲೆ.

ಅಮಿಲಾಯ್ಡ್ ಅಣು ಎಲ್ಲೆಡೆ ಒಂದೇ, ಕಾಯಿಲೆಗೆ ಊರುಕೇರಿ ಎಲ್ಲಿಯದು ಎಂದು ಕೇಳುವವರಿದ್ದಾರೆ. ಅಣು ಒಂದೇ ನಿಜ, ಅದನ್ನು ತಾಳಿಕೊಳ್ಳುವ ಮೆದುಳು ಒಂದೇ ಅಲ್ಲ. ಇಟಲಿಯ ಸಂಶೋಧಕಿ ಡೇನಿಯೆಲಾ ಪೆರಾನಿ ಮತ್ತು ಸಂಗಡಿಗರು 2017ರಲ್ಲಿ 85 ಅಲ್‌ಝೈಮರ್ ರೋಗಿಗಳ ಪೆಟ್ ಸ್ಕ್ಯಾನ್ ವರದಿ ಪ್ರಕಟಿಸಿದರು. ಜರ್ಮನ್ ಮತ್ತು ಇಟಾಲಿಯನ್ ಎರಡನ್ನೂ ಆಡುತ್ತಿದ್ದವರು ಒಂದೇ ಭಾಷೆಯವರಿಗಿಂತ ಸರಾಸರಿ ಐದು ವರ್ಷ ಹಿರಿಯರು, ಅವರ ಮೆದುಳು ಸಕ್ಕರೆ ಬಳಸಿಕೊಳ್ಳುವ ಪ್ರಮಾಣ ಇನ್ನೂ ಕುಸಿದಿತ್ತು, ಆದರೂ ನೆನಪಿನ ಪರೀಕ್ಷೆಯಲ್ಲಿ ಅವರೇ ಮುಂದಿದ್ದರು! ಚಿತ್ರ ಹೆಚ್ಚು ಹಾಳಾಗಿದೆ, ಮನುಷ್ಯ ಕಡಿಮೆ ಹಾಳಾಗಿದ್ದಾನೆ. ಅದಕ್ಕೂ ಮೊದಲು, 2013ರಲ್ಲಿ, ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನ ನಿಮ್ಸ್ ಆಸ್ಪತ್ರೆಗೆ ಬಂದ 648 ಡಿಮೆನ್ಶಿಯಾ (ಮರೆವಿನ ಕಾಯಿಲೆ) ರೋಗಿಗಳನ್ನು ಪರಿಶೀಲಿಸಿತ್ತು. ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರವಿತ್ತು. ಮೂರನೆಯ, ನಾಲ್ಕನೆಯ ಭಾಷೆಯಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಸೇಡಂ 1956ರವರೆಗೆ ಅದೇ ಹೈದರಾಬಾದ್ ರಾಜ್ಯದಲ್ಲಿತ್ತು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಹೋಗುವ ರೈಲು ಇವತ್ತಿಗೂ ಈ ಭಾಗದ ಜನರನ್ನು ಹೈದರಾಬಾದಿಗೆ ಒಯ್ಯುತ್ತದೆ. ಕನ್ನಡ, ತೆಲುಗು, ದಖನಿ ಉರ್ದು ಒಂದೇ ದಿನದಲ್ಲಿ ಆಡುವವರು ಇಲ್ಲಿ ಸಾಮಾನ್ಯರು. ಚಿಂಚೋಳಿ, ಚಿತ್ತಾಪುರದ ತಾಂಡಾಗಳಲ್ಲಿ ಇದಕ್ಕೆ ಲಂಬಾಣಿ ಸೇರುತ್ತದೆ. ಓದು ಬರಹದ ಕೊರತೆ ಮರೆವಿನ ಅಪಾಯವನ್ನು ಹೆಚ್ಚಿಸುತ್ತದೆ, ಒಂದಕ್ಕಿಂತ ಹೆಚ್ಚು ಭಾಷೆಗಳ ಬಳಕೆ ಕಾಯಿಲೆಯನ್ನು ಮುಂದೂಡುವಂತಿದೆ. ಎರಡೂ ಒಂದೇ ತಲೆಯಲ್ಲಿ ಕೂಡಿರುವ ಇಂಥ ಜನರ ಸ್ಕ್ಯಾನ್ ಇಲ್ಲದೆ ಆ ಲೆಕ್ಕ ಪೂರ್ತಿಯಾಗದು.

ಭಾಷೆಯ ಲಾಭದ ಬಗ್ಗೆ ತಕರಾರಿದೆ, ಅದು ನ್ಯಾಯವಾದದ್ದೇ. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದರೆ ಬಾರದವರ ಕತೆ ತಪ್ಪಿಹೋಗುತ್ತದೆ. ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕೆಲವು ಅಧ್ಯಯನಗಳಲ್ಲಿ ಈ ಲಾಭ ಸಿಕ್ಕಿಲ್ಲ. ಇದಕ್ಕೆ ಉತ್ತರ ಇನ್ನಷ್ಟು ಹಿಂಬಾಲಿಸುವುದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಈ ಕೆಲಸಕ್ಕೆ ಇಳಿದಿದೆ. ನಲವತ್ತೈದು ದಾಟಿದ ಹತ್ತು ಸಾವಿರ ಜನರ ನೆನಪು, ರಕ್ತ, ವಂಶವಾಹಿ, ಎಂಆರ್‌ಐ ಎಲ್ಲವನ್ನೂ ಕಾಲಕಾಲಕ್ಕೆ ದಾಖಲಿಸುವುದು ಅದರ ಗುರಿ. ಅದೂ ತೆಲುಗು ಗಡಿಯ ತಾಲ್ಲೂಕೇ. ಆದರೆ ಮಾವು, ರಾಗಿಯ ಆ ಸೀಮೆ ಜೋಳ, ತೊಗರಿ, ಸಿಮೆಂಟ್ ಕಾರ್ಖಾನೆಗಳ ಈ ಸೀಮೆಗೆ ಬದಲಿಯಾಗಲಾರದು. ಡಿಮೆನ್ಶಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ ತಡೆಯಬಹುದಾದ ಹದಿನಾಲ್ಕು ಕಾರಣಗಳಲ್ಲಿ ವಾಯುಮಾಲಿನ್ಯವೂ ಒಂದು. ವಾಡಿ, ಶಹಾಬಾದ್, ಮಳಖೇಡದ ಗಾಳಿಯಲ್ಲಿ ದುಡಿದವರ ಮೆದುಳಿನ ಪ್ರಶ್ನೆಯನ್ನು ಶ್ರೀನಿವಾಸಪುರದಲ್ಲಿ ಕೇಳಲಾಗದು.

ಖರ್ಚಿನ ಆಕ್ಷೇಪ ಇನ್ನೂ ಗಟ್ಟಿ. ಪೆಟ್ ಸ್ಕ್ಯಾನಿಗೆ ಬಳಸುವ ಫ್ಲೋರಿನ್-18ರ ವಿಕಿರಣ ಸುಮಾರು 110 ನಿಮಿಷಕ್ಕೇ ಅರ್ಧಕ್ಕೆ ಇಳಿಯುತ್ತದೆ, ಅದನ್ನು ತಯಾರಿಸುವ ಯಂತ್ರ ಹತ್ತಿರದಲ್ಲೇ ಇರಬೇಕು. ತಾಲ್ಲೂಕಿಗೊಂದು ಪೆಟ್ ಬೇಕೆಂದು ಯಾರೂ ಕೇಳುತ್ತಿಲ್ಲ. ಸಾಮಾನ್ಯ ಸಿಟಿ ಸ್ಕ್ಯಾನ್ ಸಾಕು, ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ಹೆಪ್ಪುಗಟ್ಟಿ ಮರೆವು ತರಬಲ್ಲ ರಕ್ತವನ್ನು ತೋರಿಸಿಕೊಡುತ್ತದೆ. ವಯಸ್ಸಾಯಿತು, ಅರಳು ಮರಳು ಎಂದು ಮನೆಯವರು ಕೈಬಿಟ್ಟವರಲ್ಲಿ ಕೆಲವರು ಶಸ್ತ್ರಚಿಕಿತ್ಸೆಯಿಂದ ಮರಳಿ ಬರುತ್ತಾರೆ. ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು. ಹೆಂಗಸರಲ್ಲಿ, ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು. ಅವರನ್ನು ಗುರುತಿಸುವ ಮೊದಲ ಹೆಜ್ಜೆ ಸ್ಕ್ಯಾನ್ ಅಲ್ಲ, ಪ್ರಶ್ನೆಗಳು. ಐಸಿಎಂಆರ್ ರೂಪಿಸಿದ ಪರೀಕ್ಷಾ ಸಲಕರಣೆ ಮೊದಲು ಸಿದ್ಧವಾದದ್ದು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂಗಳಲ್ಲಿ. ತಾಂಡಾದ ಮುದುಕಿಯನ್ನು ಕನ್ನಡದಲ್ಲಿ ಪ್ರಶ್ನಿಸಿ, ಬರಬೇಕಾದ್ದಕ್ಕಿಂತ ಕಡಿಮೆ ಅಂಕ ಕೊಟ್ಟು, ಆ ಅಂಕವನ್ನು ಹೊರಗಿನ ಅಳತೆಯಲ್ಲಿ ಓದಿದ ಸ್ಕ್ಯಾನಿನ ಪಕ್ಕ ಇಟ್ಟರೆ ಎರಡು ತಪ್ಪುಗಳು ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಆದ್ದರಿಂದ ಸೇಡಂ ಭಾಗದಲ್ಲಿ ಮೆದುಳಿನ ಅಧ್ಯಯನ ನಡೆಯುವುದಾದರೆ ಲಂಬಾಣಿ, ದಖನಿ ಉರ್ದುಗಳಲ್ಲಿ ಈ ಪರೀಕ್ಷೆ ಸಿದ್ಧವಾಗುವುದು ಯಂತ್ರ ಬರುವುದಕ್ಕಿಂತ ಮೊದಲಿನ ಕೆಲಸ, ಯಂತ್ರಕ್ಕಿಂತ ತೀರ ಅಗ್ಗದ್ದು ಕೂಡ.